ಅರ್ಧ ದಾಡಿಯ ಫೋಟೊ

ನಮ್ಮ ದೊಡ್ಡಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಹೇಳಲಿ, ಅವರ ಗಂಟೇನು ಹೋಗುತ್ತದೆ? ಅವರವರ ಅಪ್ಪಂದಿರ ಫೋಟೊ ಅವರವರ ಮನೆಯಲ್ಲಿ ನೆಟ್ಟಗಿವೆ.

ನನ್ನಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡಾಗ ನನಗೆ ಆರು ವರ್ಷ. ಅದಕ್ಕೂ ಕೆಲವು ದಿನ ಮೊದಲು ಅವನಿಂದ ಒಂದು ಲಕೋಟೆ ಬಂದಿತ್ತು. ಒಳಗೆ ಅಂಗೈಯಗಲದ ಕಪ್ಪು-ಬಿಳುಪು ಫೋಟೊ, ಜೊತೆಯ ಡ್ರೈವರೊಬ್ಬ ತನ್ನ ಕ್ಯಾಮೆರಾದಲ್ಲಿ ತೆಗೆದದ್ದು. ಲಾರಿಯ ಕನ್ನಡಿಯ ಪಕ್ಕ ಅಪ್ಪ ಬನಿಯನ್ನಿನಲ್ಲಿ ನಿಂತಿದ್ದಾನೆ. ಒಂದು ಗಲ್ಲ ನುಣ್ಣಗಿದೆ, ಇನ್ನೊಂದರ ತುಂಬ ಸಾಬೂನಿನ ನೊರೆ. ಯಾರೋ ಏನೋ ಚೇಷ್ಟೆ ಮಾಡಿರಬೇಕು, ದವಡೆ ಹಲ್ಲು ಕಾಣುವಷ್ಟು ಬಾಯಿ ತೆರೆದು ನಗುತ್ತಿದ್ದಾನೆ. ಹಿಂದುಗಡೆ ಪೆನ್ಸಿಲ್ಲಿನಲ್ಲಿ ಬರೆದಿದ್ದ: "ಅರ್ಧಾ ದಾಡಿ ಆಗೇತಿ. ಉಳಿದರ್ಧಾ ಮನೀಗೆ ಬಂದ ಮ್ಯಾಲೆ."

ಅಪ್ಪ-ಅವ್ವನ ಮದುವೆಯ ಫೋಟೊ ಇರಲಿಲ್ಲ. ವಿಜಾಪುರದ ಕಡೆಯ ಹಳ್ಳಿಯಲ್ಲಾದ ಮದುವೆ, ಫೋಟೊದವನನ್ನು ಯಾರು ಕರೆಸುತ್ತಾರೆ? ಅವ್ವನ ಪಾಲಿಗೆ ಗಂಡನ ಮುಖ ಉಳಿದದ್ದು ಇದೊಂದರಲ್ಲೇ. ಮುಂಬಯಿ ಹತ್ತಿರದ ಡೊಂಬಿವಲಿಯ ಚಾಳಿನಲ್ಲಿ ನಾವಿಬ್ಬರೂ ದೊಡ್ಡಪ್ಪನ, ಅಂದರೆ ಅಪ್ಪನ ಅಣ್ಣನ, ಮನೆಯಲ್ಲೇ ಇದ್ದೆವು. ಮಧ್ಯಾಹ್ನ ಎಲ್ಲರ ಊಟವಾಗಿ ಭಾಂಡೆ ತಿಕ್ಕಿದ ಮೇಲೆ ಅವ್ವ ಬಿಸ್ಕೀಟಿನ ಡಬ್ಬಿಯಿಂದ ಅದನ್ನು ತೆಗೆದು, ಸೆರಗಿಗೆ ಕೈ ಒರೆಸಿಕೊಂಡು ನೋಡುತ್ತಿದ್ದಳು.

"ನೋಡ, ಯುದ್ಧಕ್ಕ ಹೋಗಿ ಹೆಂಗ ಹಲ್ಲ ಕಿಸೀತಾರ ನಿಮ್ಮಪ್ಪ" ಎಂದು ತಾನೂ ನಗುತ್ತಿದ್ದಳು. ಇಡೀ ದಿನದಲ್ಲಿ ಅವಳು ನಗುತ್ತಿದ್ದದ್ದು ಆಗಷ್ಟೇ.

ನನಗೆ ಹದಿನಾರಾದಾಗ ದೊಡ್ಡಪ್ಪ ಹೊಸ ಫ್ಲ್ಯಾಟ್ ತೆಗೆದುಕೊಂಡ. ವಾಸ್ತುಶಾಂತಿಗೆ ಅವನ ಆಫೀಸಿನವರೆಲ್ಲ ಬರುವವರಿದ್ದರು. ಹಾಲಿನ ಗೋಡೆಗೆ ತೀರಿಹೋದ ಅಜ್ಜ-ಅಜ್ಜಿಯ ಫೋಟೊ ತೂಗುಹಾಕಿ, ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದ.

"ತಮ್ಮಂದೂ ಇರಲಿ. ಆ ದಾಡಿ ಫೋಟೊ ಕೊಡು, ದೊಡ್ಡದ ಮಾಡಸ್ತೀನಿ."

ಅವ್ವ ಬಾಗಿಲ ಮರೆಯಿಂದ, "ಬ್ಯಾಡ್ರಿ ಭಾವಾರ, ಇರೂದು ಅದೊಂದ ಐತಿ" ಎಂದಳು.

"ಅದೊಂದ ಐತಿ ಅಂತ ಡಬ್ಬ್ಯಾಗ ಹುಗದ ಇಟ್ರ ಅಂವಗೇನ ಮರ್ಯಾದಿ ಬಂತು?"

ಅವನ ಮನೆಯಲ್ಲಿ ಉಣ್ಣುವವಳು ಎಷ್ಟು ಸಲ ಬೇಡ ಎಂದಾಳು? ಕೊಟ್ಟಳು.

ಕಲ್ಯಾಣ ಸ್ಟೇಷನ್ನಿನ ಹತ್ತಿರದ ಸ್ಟುಡಿಯೊಗೆ ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿಯವರು ಸತ್ತವರಿಗೆ ಕೋಟು ತೊಡಿಸುವುದರಲ್ಲಿ ಪಳಗಿದವರು. ಮೈಮೇಲೆ ಅಂಗಿ ಇಲ್ಲದವರೂ ಅಲ್ಲಿ ಟೈ ಕಟ್ಟಿಕೊಂಡು ಗೋಡೆ ಏರುತ್ತಿದ್ದರು. ಕೋಟು ಹಾಕಿ, ನೊರೆ ತೆಗೆಯಿರಿ ಎಂದು ಹೇಳಿ ದೊಡ್ಡಪ್ಪ ಎಲೆ-ಅಡಿಕೆ ತರಲು ಹೊರಗೆ ಹೋದ. ಸ್ಟುಡಿಯೊದವನು ಫೋಟೊ ದೀಪಕ್ಕೆ ಹಿಡಿದು ನನ್ನನ್ನು ಕೇಳಿದ, "ಹಾರ್ ಕಾ ಫೋಟೊ ಹೈ, ಬೇಟಿ. ದಾಂತ್ ದಿಖತೇ ಹೈಂ. ಮೂಹ್ ಬಂದ್ ಕರ್ ದೂಂ?"

ಹಾರ ಹಾಕುವ ಫೋಟೊದಲ್ಲಿ ಹಲ್ಲು ಕಾಣುತ್ತಿದೆ, ಬಾಯಿ ಮುಚ್ಚಿಸಲೇ ಎಂದು. ಪಕ್ಕದ ಬೆಂಚಿನಲ್ಲಿ ಒಂದು ಕುಟುಂಬ ಕುಳಿತು ನಮ್ಮ ಫೋಟೊ ಇಣುಕಿ ನೋಡುತ್ತಿತ್ತು. ಬನಿಯನ್ನಿನಲ್ಲಿ ಹಲ್ಲು ಕಿಸಿಯುವ ಅಪ್ಪ ನನ್ನವನು ಎನ್ನಲು ನನಗೆ ನಾಚಿಕೆಯಾಯಿತು. "ಹಾಂ, ಕರ್ ದೋ" ಎಂದೆ. ಥೂ ನನ್ನ ಬಾಯಿಗಿಷ್ಟು! ದೊಡ್ಡಪ್ಪ ಕೋಟಿನ ಮಾತಾಡಿದ್ದನೇ ಹೊರತು ನಗುವಿನ ಸುದ್ದಿಗೆ ಹೋಗಿರಲಿಲ್ಲ.

ವಾಸ್ತುಶಾಂತಿಯ ಹಿಂದಿನ ದಿನ ಫೋಟೊ ಬಂತು. ಕಪ್ಪು ಕೋಟು, ಟೈ, ಬಿಗಿದ ತುಟಿ. ಬ್ಯಾಂಕಿನ ಸಾಹೇಬ ಯಾರದೋ ಅರ್ಜಿ ತಿರಸ್ಕರಿಸುವ ಮುಖ.

"ಚಲೋ ಬಂದೈತಲ್ಲ?" ಎಂದ ದೊಡ್ಡಪ್ಪ.

ಅವ್ವ ಹತ್ತಿರ ಬಂದು ಬಹಳ ಹೊತ್ತು ನೋಡಿದಳು. "ಇವರು ಯಾರ್ರೀ ಭಾವಾರ?" ಎಂದಳು. ಅಣಕವಾಡಿದ್ದಲ್ಲ, ನಿಜವಾಗಿ ಕೇಳಿದಳು. ಆಮೇಲೆ, "ನನ್ನ ಸಣ್ಣ ಫೋಟೊ ಕೊಡ್ರಿ" ಎಂದಳು.

ಸ್ಟುಡಿಯೊದವರು ಅದನ್ನೂ ಕೊಟ್ಟಿದ್ದರು. ಮೊದಲು ಸಣ್ಣ ಫೋಟೊದ ಮೇಲೆಯೇ ಬಣ್ಣ ಬಳಿದು, ಆಮೇಲೆ ಅದರದೇ ಫೋಟೊ ತೆಗೆದು ದೊಡ್ಡದು ಮಾಡಿದ್ದರು. ಸಾಲದ್ದಕ್ಕೆ ಮಡಚಬಾರದೆಂದು ದಪ್ಪ ರಟ್ಟಿಗೆ ಅಂಟಿಸಿದ್ದರು. ಅಪ್ಪ ಹಿಂದೆ ಬರೆದ ಎರಡು ಸಾಲೂ ಅಂಟಿನೊಳಗೆ ಹೋಗಿದ್ದವು. ಅವ್ವ ರಟ್ಟನ್ನು ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು.

"ನೀ ಅಲ್ಲೇ ಇದ್ದೆಲ್ಲ?" ಎಂದು ನನ್ನನ್ನು ಕೇಳಿದಳು.

"ದೊಡ್ಡಪ್ಪ ಹೇಳಿದ" ಎಂದುಬಿಟ್ಟೆ.

ಮರುದಿನ ಮನೆಯಲ್ಲಿ ಹೋಮದ ಗಡಿಬಿಡಿ. ನಾನು ಬಚ್ಚಲಿಗೆ ಹೋಗಿ, ಬಣ್ಣವಷ್ಟೇ ಹೋದೀತು, ಒಳಗಿನ ಅಪ್ಪ ಉಳಿದಾನು ಎಂದುಕೊಂಡು ಒದ್ದೆ ಹತ್ತಿಯಿಂದ ಸಣ್ಣ ಫೋಟೊ ಒರೆಸಿದೆ. ಕೋಟು ಹೋಯಿತು. ಖುಷಿಯಾಗಿ ಬಾಯಿಯ ಹತ್ತಿರ ಇನ್ನಷ್ಟು ತಿಕ್ಕಿದೆ. ತುಟಿ ಹೋಯಿತು, ಅದರ ಹಿಂದೆಯೇ ಹಲ್ಲು, ಗಲ್ಲ, ಮೂಗು ಎಲ್ಲ ಲೋಳೆಯಂತೆ ಎದ್ದು ಹತ್ತಿಗೆ ಬಂದವು. ಕೆಳಗೆ ಬರೀ ಬಿಳಿ ಕಾಗದ. ಅವ್ವನಿಗೆ ತೋರಿಸಿದಾಗ ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಮದುವೆಯಾಗಿ ಠಾಣೆ ಊರಿನ ಗಂಡನ ಮನೆಗೆ ಬಂದ ಮೇಲೂ ನಾನು ದೊಡ್ಡಪ್ಪನನ್ನೇ ಬೈದುಕೊಂಡು ಬದುಕಿದೆ. ಆದರೆ ಒಂದು ತೊಂದರೆ ಶುರುವಾಯಿತು. ಅಪ್ಪನನ್ನು ನೆನೆಯಲು ಕಣ್ಣು ಮುಚ್ಚಿದರೆ ಆ ಟೈ ಕಟ್ಟಿದವನೇ ಬಂದು ನಿಲ್ಲುತ್ತಿದ್ದ. ಎಷ್ಟು ತಲೆ ಚಚ್ಚಿಕೊಂಡರೂ ನಗು ಬರುತ್ತಿರಲಿಲ್ಲ. ಆ ಬೇಸರಕ್ಕೇ ಒಮ್ಮೆ ಅವ್ವ ಮನೆಗೆ ಬಂದಾಗ, ಜೋಳ ಹಸನು ಮಾಡುತ್ತ ಕುಳಿತವಳ ಮುಂದೆ ಎಲ್ಲ ಹೇಳಿಬಿಟ್ಟೆ. ಬಾಯಿ ಮುಚ್ಚಿಸಲು ಹೇಳಿದವಳು ನಾನು ಎಂದೆ.

ಅವಳ ಕೈ ನಿಲ್ಲಲಿಲ್ಲ. ನಾನೇ ತಡೆಯಲಾರದೆ ಕೇಳಿದೆ, "ಅವ್ವಾ, ಅಪ್ಪ ಹೆಂಗ ನಗತಿದ್ದ? ನಿನಗ ನೆನಪೈತೇನು?"

"ನನಗ ಐತಿ" ಎಂದಳು ಮೊರದಿಂದ ತಲೆ ಎತ್ತದೆ. "ನಿನಗ್ಯಾಕ ಬೇಕದು? ನೀ ಮಾಡಿಸಿದಾಂವ ಅದಾನಲ್ಲ, ಗ್ವಾಡೀ ಮ್ಯಾಲ."