ಅಕ್ಕನ ಮಗು ನಗುತ್ತಿದ್ದುದು ಯಾತಕ್ಕೆ

ಅಕ್ಕನ ಮಗನಿಗೆ ಕಿವಿ ಕೇಳಿಸುವುದಿಲ್ಲ ಎಂಬ ಸಂಗತಿ ವರ್ಷ ತುಂಬುತ್ತ ಬರುವವರೆಗೂ ಯಾರಿಗೂ ಗೊತ್ತಾಗದ ಹಾಗೆ ಮಾಡಿದವನು ನಾನು. ಬೇಕೆಂದು ಮಾಡಿದ್ದಲ್ಲ. ಮಿಮಿಕ್ರಿ ಮಾಡಿ ಮುಚ್ಚಿಹಾಕಿದೆ.

ಬಾಣಂತನಕ್ಕೆ ಶ್ರೀನಿವಾಸಪುರದ ನಮ್ಮ ಮನೆಗೆ ಬಂದ ಅಕ್ಕ, ಮಗುವಿನೊಂದಿಗೆ ಇಲ್ಲೇ ಉಳಿದಿದ್ದಳು. ಬಾವನಿಗೆ ನರಸಾಪುರದ ಕಂಪನಿಯಲ್ಲಿ ಶಿಫ್ಟು. ರಜಾದಿನ ಬಂದು, ಮಗುವಿಗಿಂತ ಚೆನ್ನಾಗಿ ನಿದ್ದೆ ಮಾಡಿ ಹೋಗುತ್ತಿದ್ದರು. ಮಗು ಬೋರಲು ಬೀಳುವ ಹೊತ್ತಿಗೆ ಅಕ್ಕ ಶುರುಮಾಡಿದಳು.

"ಅಮ್ಮಾ, ಹಿಂದಿನಿಂದ ಕರೆದ್ರೆ ತಿರುಗ್ತಾನೇ ಇಲ್ಲ. ಕುಕ್ಕರ್ ಕೂಗಿದ್ರೂ ಬೆಚ್ಚಲ್ಲ. ಕೋಲಾರಕ್ಕೆ ಕರ್ಕೊಂಡೋಗಿ ತೋರಿಸೋಣ."

ಅಮ್ಮ ನನ್ನ ಕಡೆ ನೋಡಿದಳು. ಮಂಡಿಯಲ್ಲಿ ಟೊಮೆಟೊ ಹರಾಜು ಕೂಗುವವನಿಂದ ಹಿಡಿದು ನೆಗಡಿಯಾದ ಮೇಕೆಯವರೆಗೆ ನನಗೆ ಬಾರದ ದನಿಯಿಲ್ಲ, ನನ್ನದೇ ಅನ್ನುವ ಒಂದನ್ನು ಬಿಟ್ಟು. ಮಗುವಿನ ಮುಂದೆ ಕೂತು ಹುಬ್ಬು ಹಾರಿಸುತ್ತ, ಕೆನ್ನೆ ಉಬ್ಬಿಸುತ್ತ ಹರಾಜು ಕೂಗಿದೆ. ಮಗು ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು.

"ನೋಡೇ, ಕೇಳ್ದೇ ಇದ್ರೆ ನಗ್ತಾನಾ?" ಎಂದಳು ಅಮ್ಮ. "ಗಂಡ್ಮಕ್ಳು ಎಲ್ಲಾದ್ರಲ್ಲೂ ನಿಧಾನ ಕಣೇ. ಇವನು ಮಾತಾಡೋಕೆ ಎಷ್ಟು ಕಾಯಿಸ್ದ, ಈಗ ಮುಚ್ಚು ಅಂದ್ರೂ ಮುಚ್ಚಲ್ಲ."

ಅಕ್ಕ ಸುಮ್ಮನಾಗಲಿಲ್ಲ. ನಾನೂ ಆಗಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಟವೆಲನ್ನು ದುಪಟ್ಟಾದಂತೆ ಮೂಗಿಗೊತ್ತಿಕೊಂಡು, "ಅಮ್ಮಾ... ನನ್ ಮಗೂಗೆ ಕೇಳ್ಸಲ್ಲಮ್ಮಾ..." ಎಂದು ರಾಗ ಎಳೆಯುತ್ತಿದ್ದೆ. ಅವಳ ಗಂಟಲು ಕಟ್ಟುವ ಜಾಗದಲ್ಲಿ ಸರಿಯಾಗಿ ಕಟ್ಟಿಸುತ್ತಿದ್ದೆ. ರಾಯಲ್ಪಾಡು ಕಡೆಯವರಾದ ಪಕ್ಕದ ಮನೆಯಾಕೆ ಕಾಫಿಗೆ ಬಂದಾಗಲೆಲ್ಲ, "ಒರೇಯ್, ಮೀ ಅಕ್ಕದಿ ಒಕ್ಕಸಾರಿ ಚೆಯ್ಯಿರಾ" ಎಂದು ತೆಲುಗಿನಲ್ಲಿ ಕೇಳಿ ಅಕ್ಕನ ದನಿ ಮಾಡಿಸಿಕೊಂಡು ನಗುತ್ತಿದ್ದರು. ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ಅವಳು ಬಾಗಿಲು ಹಾಕಿಕೊಂಡ ಸದ್ದನ್ನೂ ನಾನು ಮಾಡಿ ತೋರಿಸುತ್ತಿದ್ದೆ. ಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು. ಗೆದ್ದೆ ಅಂದುಕೊಂಡೆ.

ಮಗು ಗೋಡೆ ಹಿಡಿದು ನಿಲ್ಲತೊಡಗಿದಾಗ, ಮಾಲೂರಿನ ಒಂದು ಆರತಕ್ಷತೆಯಲ್ಲಿ ಮಿಮಿಕ್ರಿ ಮಾಡಲು ಹೋಗಿ, ಅರಚಿ ಅರಚಿ ಗಂಟಲು ಕಳೆದುಕೊಂಡು ಬಂದೆ. ಬಾಯಿ ತೆರೆದರೆ ಬರೀ ಗಾಳಿ. ಆದರೂ ಚಟ ಬಿಡಬೇಕಲ್ಲ? ಮಗುವಿನ ಮುಂದೆ ಕೂತು ದನಿಯಿಲ್ಲದೆ ಹರಾಜು ಹಾಕಿದೆ. ತುಟಿ, ಹುಬ್ಬು, ಕೆನ್ನೆ ಅಷ್ಟೇ. ಮಗು ನಕ್ಕಿತು. ಯಾವಾಗಲೂ ನಗುತ್ತಿದ್ದ ಜಾಗಗಳಲ್ಲೇ, ಅಷ್ಟೇ ಜೋರಾಗಿ.

ಬಟ್ಟೆ ಮಡಚುತ್ತಿದ್ದ ಅಕ್ಕನ ಕೈ ನಿಂತಿತು. ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. ಎಲ್ಲರಿಗಿಂತ ತಡವಾಗಿ ಅರ್ಥವಾದದ್ದು ನನಗೆ. ಅಷ್ಟರಲ್ಲಿ ಇನ್ನೂ ಎರಡು ಕ್ರೇಟು ಹರಾಜು ಹಾಕಿದ್ದೆ.

ಕೋಲಾರದಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಎರಡೂ ಕಿವಿ ಅಂದರು. "ಮೊದಲೇ ಯಾಕೆ ಬರ್ಲಿಲ್ಲ? ಮಾತು ಕಲಿಯೋಕೆ ಈ ತಿಂಗಳುಗಳೇ ಮುಖ್ಯ" ಎಂದು ಬೈದು, ಕಿವಿಗೆ ಮಿಷಿನ್ ಹಾಕಿಸಿ ದಿನವಿಡೀ ಅವನ ಜೊತೆ ಮಾತಾಡುತ್ತಿರಿ ಎಂದರು. ಅಮ್ಮ ಸೆರಗಿನ ತುದಿ ತಿರುಚುತ್ತ ಕೂತಿದ್ದಳು.

ಹೊರಗೆ ಬಸ್ಸಿಗೆ ಕಾಯುವಾಗ, ವಾಪಸು ಬಂದಿದ್ದ ದನಿಯಲ್ಲಿ ನಾನು ಅಂದೆ: "ಅಕ್ಕಾ, ಮಾತಾಡೋ ಕೆಲ್ಸ ನಂಗ್ ಬಿಡು. ಮಿಷಿನ್ ಹಾಕಿದ್ ತಕ್ಷಣ ನಾನೇ ಶುರು ಮಾಡ್ತೀನಿ."

ಅಕ್ಕ ಮಗುವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡಳು.

"ಮುಚ್ಕೊಂಡಿರು. ಅವನು ಮೊದ್ಲು ನನ್ ದನಿ ಕೇಳ್ಲಿ. ನೀನ್ ಮಾಡೋ ನನ್ ದನಿ ಅಲ್ಲ."