ಕತ್ತರಿಸದ ಹಾಳೆ

ಪೊಲಿಕ್ಸೇನಿಗೆ ಪುಸ್ತಕ ಕೊಳ್ಳುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಪುಸ್ತಕದಂಗಡಿಯಲ್ಲೇ ತಲೆ ನರೆಸಿಕೊಂಡವಳಿಗೆ ಇದೆಂಥ ರೋಗ ಎಂದು ಕೇಳುವವರು ಒಂದೇ ಒಂದು ವಾರ ಅವಳ ಜಾಗದಲ್ಲಿ ನಿಂತು ನೋಡಲಿ. ನಮ್ಮ ಥೆಸಲೊನೀಕಿಯಲ್ಲಿ ಓದುವುದಕ್ಕೆಂದು ಪುಸ್ತಕ ಕೊಳ್ಳುವವರು ಎಷ್ಟು ಜನ? ಉಳಿದವರೆಲ್ಲ, ನಮ್ಮಲ್ಲಿ ಹುಟ್ಟುಹಬ್ಬದ ಹಾಗೆ ಆಚರಿಸುವ, ಯಾರದೋ ಹೆಸರಿನ ಸಂತನ ದಿನಕ್ಕೆ ಉಡುಗೊರೆ ಹುಡುಕಿ ಬಂದವರು. ಸಿಹಿ ಒಯ್ಯೋಣವೆಂದರೆ ಆ ಮನೆಯವರಿಗೆ ಸಕ್ಕರೆ ಕಾಯಿಲೆ. ಹೂಕುಂಡ ಒಯ್ಯೋಣವೆಂದರೆ ಬಸ್ಸಿನಲ್ಲಿ ಮಣ್ಣು ಚೆಲ್ಲುತ್ತದೆ. ಕೊನೆಗೆ, ಹಾಳಾಗಿ ಹೋಗಲಿ ಎಂದು ಒಂದು ಪುಸ್ತಕ.

ಅವಳು ಮದುವೆಯಾಗಿರಲಿಲ್ಲ. ಮೇಲೂರಿನ ಇಳಿಜಾರು ಬೀದಿಯಲ್ಲಿ ಎರಡು ಕೋಣೆಯ ಮನೆ, ಮಧ್ಯಾಹ್ನಕ್ಕೆ ನಿಂತಲ್ಲೇ ತಿನ್ನುವ ಒಂದು ಎಳ್ಳಿನ ಬಳೆರೊಟ್ಟಿ, ಮನೆಗೆ ಹೋದ ಮೇಲೆ ಓದು. ಅಂಗಡಿಗೆ ಬಂದ ಹೊಸ ಪುಸ್ತಕಗಳನ್ನೆಲ್ಲ ಓದುತ್ತಿದ್ದಳು. ದೊಡ್ಡವರ ಕಾದಂಬರಿ, ಪತ್ತೇದಾರಿ, ಪದ್ಯ, ಅಡುಗೆ ಪುಸ್ತಕ, ಏಳು ವರ್ಷದ ಮಕ್ಕಳ ಆಮೆ ಕಥೆ, ಯಾವುದನ್ನೂ ಬಿಡುತ್ತಿರಲಿಲ್ಲ. ಓದಿ, ಹಿಡಿಸಿದ್ದನ್ನು ಬಾಗಿಲ ಪಕ್ಕದ ಶೆಲ್ಫಿನಲ್ಲಿ ಜೋಡಿಸಿ, ಕೈಬರಹದ ಚೀಟಿ ಸಿಕ್ಕಿಸುತ್ತಿದ್ದಳು. ಆ ಚೀಟಿಗಳಲ್ಲಿ ಸಕ್ಕರೆ ಇರುತ್ತಿರಲಿಲ್ಲ. ‘ಕೊಲೆಗಾರ ಯಾರೆಂದು ಅರ್ಧದಲ್ಲೇ ಗೊತ್ತಾಗುತ್ತದೆ, ಆದರೆ ಅಡುಗೆಯವನ ಮಾತು ಕೇಳಲಿಕ್ಕಾಗಿ ಓದಿ’ ಎಂಬಂಥವು. ಅವಳ ಬದುಕಿನಲ್ಲಿ ಅವಳದು ಎಂದು ಹೇಳಿಕೊಳ್ಳುವಂಥದ್ದು ಆ ಶೆಲ್ಫು ಒಂದೇ.

ಅದರ ಪಕ್ಕದಲ್ಲೇ ಸ್ತ್ರಾತೋಸನ ಶೆಲ್ಫು. ಅಂಗಡಿಗೆ ಸೇರಿ ಎರಡು ವರ್ಷವಾಗಿದ್ದ ಈ ಮಹಾಶಯ ಪುಸ್ತಕದ ಹಿಂಬದಿ ರಟ್ಟಿನ ಬರಹ ಬಿಟ್ಟು ಬೇರೇನೂ ಓದಿದವನಲ್ಲ. ಮುಖಪುಟದಲ್ಲಿ ನಾಯಿಯ ಚಿತ್ರವಿದ್ದರೆ ಸಾಕು, ಅದು ಅವನಿಗೆ ಮೆಚ್ಚಿನ ಪುಸ್ತಕ. ನಸುಕಿಗೇ ಎದ್ದರೆ ಸಾಹುಕಾರನಾಗುತ್ತೀ ಎನ್ನುವ ಪುಸ್ತಕವನ್ನೂ ಇಟ್ಟಿದ್ದ. ತಾನು ಮಾತ್ರ ದಿನಾ ತಡವಾಗಿ ಬರುತ್ತಿದ್ದ. ಅವನ ಚೀಟಿಗಳಲ್ಲೆಲ್ಲ ಒಂದೇ ಸಾಲು: ‘ಒಂದೇ ಉಸಿರಿಗೆ ಓದಿ ಮುಗಿಸಿದೆ.’

ಅಕ್ಟೋಬರಿನಲ್ಲಿ ಅಂಗಡಿಯ ಯಜಮಾನ ಅಸ್ತೇರಿಸ್ ಇಬ್ಬರನ್ನೂ ಕರೆದು ನಿಲ್ಲಿಸಿದ. ಊರಿನ ಸಂತ ದಿಮಿತ್ರಿಯ ಹಬ್ಬ ಹತ್ತಿರವಿತ್ತು. ಆ ದಿನ ಊರಿನ ಪ್ರತಿ ಮೂರನೇ ಮನೆಯಲ್ಲಿ ಒಬ್ಬ ದಿಮಿತ್ರಿಸ್ ಅಥವಾ ಒಬ್ಬಳು ದಿಮಿತ್ರಾ ಉಡುಗೊರೆಗೆ ಕಾದು ಕೂತಿರುತ್ತಾರೆ.

“ನೋಡಮ್ಮಾ ಕ್ಸೇನಿ, ಬಾಗಿಲ ಹತ್ರ ಎರಡು ಶೆಲ್ಫು ಇನ್ನು ಆಗಲ್ಲ. ಒಂದು ಕಡೆ ಸುವಾಸನೆ ಮೇಣದಬತ್ತಿ ಇಡ್ಬೇಕು ಅಂತಿದ್ದೀನಿ, ಕಾಫಿ ಮಗ್ಗುಗಳೂ ಬರ್ತಾವೆ. ಹಬ್ಬಕ್ಕೆ ಇಬ್ಬರ ಪುಸ್ತಕಗಳೂ ಹೋಗ್ಲಿ. ಆಮೇಲೆ ಯಾರದ್ದು ಜಾಸ್ತಿ ವಾಪಸ್ ಬರುತ್ತೋ ಅವರು ನೆಲಮಾಳಿಗೆಗೆ ಹೋಗಿ ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು ನೋಡ್ಕೊಳ್ಳಲಿ.”

“ಸಮ ಬಂದ್ರೆ?” ಸ್ತ್ರಾತೋಸ್ ಕೇಳಿದ.

“ಸಮ ಬಂದ್ರೆ ಹಿರಿಯಳು ಅವಳು, ಅವಳದ್ದೇ ಇರಲಿ.”

ಅವಳ ಪುಸ್ತಕಗಳ ಪೊಟ್ಟಣಕ್ಕೆ ಕೆಂಪು ಚೀಟಿ, ಅವನದಕ್ಕೆ ನೀಲಿ ಎಂದಾಯಿತು.

ಆ ಸಲ ಪೊಲಿಕ್ಸೇನಿಯ ಶೆಲ್ಫಿನ ಮುಖ್ಯ ಪುಸ್ತಕ ಒಂದು ಕಾದಂಬರಿ. ಉಪ್ಪಿನ ಗದ್ದೆಗಳ ಊರಿನಲ್ಲಿ ಅಕ್ಕ ತಂಗಿ ಮಾತು ಬಿಟ್ಟು ಅಕ್ಕಪಕ್ಕದ ಮನೆಗಳಲ್ಲೇ ಮುದುಕಿಯರಾಗುವ ಕಥೆ. ಅದಕ್ಕೆ ಅವಳು ಮೊದಲು ಬರೆದಿದ್ದ ಚೀಟಿ ಇದು: ‘ಕೊನೆಯ ಅಧ್ಯಾಯವನ್ನು ಲೇಖಕ ನಿದ್ದೆಗಣ್ಣಿನಲ್ಲಿ ಬರೆದಿದ್ದಾನೆ. ಆದರೂ ಓದಿ.’ ಪಂದ್ಯದ ಮಾತು ಕೇಳಿದ ದಿನ ಆ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದಳು. ಹೊಸದರಲ್ಲಿ ಬರೆದಳು: ‘ಕೊನೆಯ ಪುಟ ನಿಮ್ಮನ್ನು ಅಳಿಸುತ್ತದೆ.’ ಬರೆಯುವಾಗ ಬಾಯಿ ಕಹಿಯಾಯಿತು. ಆದರೆ ಜಾಮಿಟ್ರಿ ಬಾಕ್ಸು ನೆನಪಾಗಿ ಚೀಟಿ ಸಿಕ್ಕಿಸಿದಳು.

ಇನ್ನೊಂದು ಸಂಗತಿ ಅವಳಿಗೆ ಮಾತ್ರ ಗೊತ್ತಿತ್ತು. ಆ ಕಾದಂಬರಿಯ ಮುದ್ರಣದಲ್ಲಿ ಒಂದು ತಪ್ಪಾಗಿತ್ತು. ಕೊನೆಯ ಅಧ್ಯಾಯದ ಎರಡು ಹಾಳೆಗಳ ಮೇಲಂಚು ಸರಿಯಾಗಿ ಕತ್ತರಿಸದೆ ಒಂದಕ್ಕೊಂದು ಕೂಡಿಕೊಂಡೇ ಉಳಿದಿತ್ತು. ಬಿಡಿಸದೆ ನಡುವಿನ ಪುಟಗಳನ್ನು ಓದುವಂತಿರಲಿಲ್ಲ. ಅಂಗಡಿಗೆ ಬಂದ ಅಷ್ಟೂ ಪ್ರತಿಗಳಲ್ಲಿ ಹೀಗೇ. ಮನೆಯಲ್ಲಿ ಅವಳು ಚಾಕುವಿನಿಂದ ಬಿಡಿಸಿಕೊಂಡು ಓದಿದ್ದಳು. ಪ್ರಕಾಶಕರಿಗೆ ಹೇಳಿದರೆ ಪುಸ್ತಕಗಳನ್ನು ವಾಪಸ್ ಕರೆಸಿಕೊಳ್ಳುತ್ತಾರೆ ಎಂದು ಸುಮ್ಮನಿದ್ದಳು.

ಅಷ್ಟರಲ್ಲಿ ಯಜಮಾನ ಒಂದು ಪ್ರತಿಯನ್ನು ತನ್ನ ಮೇಜಿಗೆ ಒಯ್ದಿದ್ದವನು ಎರಡು ದಿನ ಬಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡು ಬಂದ. “ಎಂಥಾ ಪುಸ್ತಕ ಕ್ಸೇನಿ. ಆ ಕೊನೆ ಓದಿ ನಾನಂತೂ ಅತ್ತುಬಿಟ್ಟೆ.”

ಅವನು ಊಟಕ್ಕೆ ಹೋದಾಗ ಅವಳು ಕಾಫಿ ಲೋಟದ ಕೆಳಗಿದ್ದ ಆ ಪ್ರತಿಯನ್ನು ತೆರೆದು ನೋಡಿದಳು. ಹಾಳೆಗಳು ಕೂಡಿಕೊಂಡೇ ಇದ್ದವು. ಅಳುಬುರುಕ ಎಂದು ಬೈದುಕೊಂಡು ಲೋಟವನ್ನು ಅದರ ಮೇಲೇ ಇಟ್ಟು ಬಂದಳು.

ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿರು ಟೋಪಿಯ ಹೆಂಗಸೊಬ್ಬಳು ನೂಕಿಕೊಂಡು ಮುಂದೆ ಬಂದಳು.

“ನಮ್ಮ ನಾದಿನಿಗೆ ಒಂದು ಪುಸ್ತಕ ಬೇಕಿತ್ತು.”

“ಎಂಥದ್ದು ಓದ್ತಾರೆ ಅವರು?”

“ಅವಳಾ? ಓದ್ತಾಳೆ ಮಣ್ಣು. ನೋಡೋಕೆ ದಪ್ಪಗಿರೋದು ಯಾವುದಾದ್ರೂ ಕೊಡಿ. ಬೆಲೆ ಚೀಟಿ ಕಿತ್ತುಬಿಡಿ.”

ಪೊಲಿಕ್ಸೇನಿ ಉಪ್ಪಿನ ಗದ್ದೆಯ ಕಾದಂಬರಿಗೆ ಬಣ್ಣದ ಕಾಗದ ಸುತ್ತಿ, ಕೆಂಪು ಚೀಟಿ ಅಂಟಿಸಿ, ಅವಳ ಕೈಗೆ ತುರುಕಿದಳು.

ಹಬ್ಬ ಕಳೆದ ಮರುದಿನವೇ ವಾಪಸಾತಿ ಶುರುವಾಯಿತು. ಅದೂ ನಮ್ಮೂರಿನ ಪದ್ಧತಿಯೇ. ಕೊಟ್ಟವರಿಗೆ ಕೆನ್ನೆಗೆ ಮುತ್ತಿಟ್ಟು, ಅಯ್ಯೋ ಇದನ್ನೇ ಓದ್ಬೇಕು ಅಂತಿದ್ದೆ ಎಂದು ಹಲ್ಲು ಕಿರಿದವರು ಸಂತನ ಮೇಣದಬತ್ತಿ ಆರುವ ಮುಂಚೆಯೇ ಪೊಟ್ಟಣ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಒಬ್ಬನಿಗೆ ಅದರ ಬದಲು ಕ್ಯಾಲೆಂಡರು ಬೇಕು. ಇನ್ನೊಬ್ಬಳಿಗೆ ಸೋಫಾಕ್ಕೆ ಹೊಂದುವ ನೀಲಿ ರಟ್ಟಿನದು ಬೇಕು.

ಓದಿದ ಪುಸ್ತಕ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ಅದನ್ನು ಪರೀಕ್ಷಿಸುವ ಕೆಲಸ ಪೊಲಿಕ್ಸೇನಿಯದು. ಎಣ್ಣೆ ಕಲೆ, ಬೆನ್ನಿನ ಗೆರೆ, ಮೂಸಿದರೆ ಸಿಗರೇಟಿನ ವಾಸನೆ, ಯಾವುದನ್ನೂ ಅವಳು ಬಿಟ್ಟುಕೊಡುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ನಿವೃತ್ತ ಜಡ್ಜು ತಂದ ಪುಸ್ತಕದಲ್ಲಿ ಅವನದೇ ಬಿಳಿ ಕೂದಲು ತೋರಿಸಿ ಹೊರಗೆ ಕಳಿಸಿದ್ದಳು. ಆದರೆ ಈ ಸಲ ಕಲೆ ಹುಡುಕುವ ಅಗತ್ಯವೇ ಇರಲಿಲ್ಲ. ಉಪ್ಪಿನ ಗದ್ದೆಯ ಕಾದಂಬರಿ ಬಂದರೆ ನೇರವಾಗಿ ಕೊನೆಯ ಅಧ್ಯಾಯ ತೆರೆಯುವಳು. ಕೂಡಿಕೊಂಡ ಹಾಳೆ. ಮತ್ತೊಂದು ಬಂತು, ಅದೂ ಕೂಡಿಕೊಂಡ ಹಾಳೆ. ‘ಓದೋಕೆ ಶುರು ಮಾಡಿದೆ, ಯಾಕೋ ಮನಸ್ಸು ಕೂರ್ಲಿಲ್ಲ’ ಎಂದ ಮೇಷ್ಟ್ರು ತಂದದ್ದರಲ್ಲೂ ಕೂಡಿಕೊಂಡ ಹಾಳೆ. ಥೂ ಇವರ ಜನ್ಮಕ್ಕೆ ಎಂದುಕೊಳ್ಳುತ್ತ ಅವಳು ಕೆಂಪು ಚೀಟಿಯವಕ್ಕೆಂದು ಇಟ್ಟಿದ್ದ ಕುರ್ಚಿಯ ಮೇಲೆ ಪೇರಿಸುತ್ತ ಹೋದಳು. ಪಕ್ಕದ ಕುರ್ಚಿಯಲ್ಲಿ ನೀಲಿ ಚೀಟಿಯ ನಾಯಿಗಳೂ ಏರುತ್ತಿದ್ದವು.

ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ ಯಜಮಾನ ಎಣಿಸಿದ. ಎರಡೂ ಸಮ. ಸ್ತ್ರಾತೋಸನ ಮುಖ ಸಣ್ಣಗಾಯಿತು. ಪೊಲಿಕ್ಸೇನಿ ಯಾರಿಗೂ ಕಾಣದ ಹಾಗೆ ಉಸಿರು ಬಿಟ್ಟಳು. ಯಜಮಾನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಉದ್ದ ಕೋಟಿನ ಮುದುಕಿಯೊಬ್ಬಳು ಅವನ ತೋಳಿನ ಕೆಳಗಿನಿಂದಲೇ ಒಳಗೆ ಬಂದಳು. ಔಷಧದಂಗಡಿಯವನ ವಿಧವೆ ದಿಮಿತ್ರಾ. ಬೀದಿಯೆಲ್ಲ ಮಿಮೀಕಾ ಎಂದು ಕರೆಯುವುದು. ಯಾರ ನಮಸ್ಕಾರಕ್ಕೂ ನೆಟ್ಟಗೆ ಉತ್ತರ ಕೊಟ್ಟವಳಲ್ಲ.

“ಇದನ್ನ ಬದಲಾಯಿಸ್ಬೇಕು,” ಎಂದು ಕೆಂಪು ಚೀಟಿಯ ಪುಸ್ತಕವನ್ನು ಕೌಂಟರಿನ ಮೇಲೆ ಎಸೆದಳು. “ನಮ್ಮಣ್ಣನ ಹೆಂಡತಿ ತಂದದ್ದು. ಹಸಿರು ಟೋಪಿ ಹಾಕ್ಕೊಂಡು ಗಿಳಿ ಥರ ಬಂದಿರ್ತಾಳೆ, ನೋಡಿರ್ತೀಯ.”

ಪುಸ್ತಕ ಹೊಸದರಂತಿತ್ತು. ಬೆನ್ನಿನ ಮೇಲೆ ಗೆರೆಯಿಲ್ಲ, ಕಲೆಯಿಲ್ಲ. ಪೊಲಿಕ್ಸೇನಿ ಕೊನೆಯ ಅಧ್ಯಾಯ ತೆರೆದಳು. ಕೂಡಿಕೊಂಡಿದ್ದ ಅಂಚು ನೀಟಾಗಿ, ಒಂದು ಎಳೆಯೂ ಏಳದ ಹಾಗೆ, ಚಾಕುವಿನಿಂದ ಬಿಡಿಸಿತ್ತು.

ಅವಳ ಕೈ ಅಲ್ಲೇ ನಿಂತಿತು. ಮಿಮೀಕಾ ಅದನ್ನು ನೋಡಿದಳು. ಕಣ್ಣು ತಗ್ಗಿಸಲಿಲ್ಲ, ಧ್ವನಿ ಮಾತ್ರ ತಗ್ಗಿಸಿದಳು.

“ಬಾಗಿಲ ಪಕ್ಕದ ಶೆಲ್ಫಲ್ಲಿ ಈ ಪುಸ್ತಕಕ್ಕೆ ಸಿಕ್ಕಿಸಿದೆಯಲ್ಲ, ಆ ಚೀಟಿ ಬರೆದದ್ದು ಯಾರು?”

“ನಾನೇ.”

“ಕೊನೆಯ ಪುಟ ಅಳಿಸುತ್ತೆ ಅಂತೆ. ನೀನು ಓದಿದ್ದೀಯೋ, ಇಲ್ಲಾ ನೀನೂ ಮಿಕ್ಕವರ ಜಾತಿಯೋ?”

“ಓದಿದ್ದೀನಿ.”

“ಓದಿ ಹೀಗೆ ಬರೆದ್ಯಾ? ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ದೆ ಎಷ್ಟು ಚೆನ್ನಾಗಿ ಬದುಕ್ತಿದ್ರು. ಆಮೇಲೆ ಆಸ್ಟ್ರೇಲಿಯಾದಿಂದ ತಮ್ಮ ಬಂದ, ಇಬ್ಬರನ್ನೂ ತಬ್ಬಿಸ್ದ. ಏನದು, ಮದುವೆಮನೆ ಫೋಟೋನಾ? ಬರೆಯೋನಿಗೆ ಸಾಕಾಗಿದೆ, ಅರ್ಧಕ್ಕೇ ಎದ್ದು ಹೋಗಿದ್ದಾನೆ. ನಿನಗೆ ಅಷ್ಟೂ ತಿಳೀಲಿಲ್ವಾ?”

ತಿಳಿದಿತ್ತು. ಬುಟ್ಟಿಗೆ ಹೋದ ಚೀಟಿಯಲ್ಲಿ ಇದೇ ಇತ್ತು. ಇಷ್ಟು ವರ್ಷ ಊರಿಗೆ ಊರನ್ನೇ ಉಗಿದುಕೊಂಡು ಬಂದ ಪೊಲಿಕ್ಸೇನಿಗೆ ಆ ಗಳಿಗೆಯಲ್ಲಿ ಉಗಿಯಬೇಕೆನಿಸಿದ್ದು ತನ್ನ ಮುಖಕ್ಕೆ.

“ಏನದು ಕ್ಸೇನಿ, ಓದಿರೋದಾ?” ಯಜಮಾನ ಬಾಗಿಲ ಹತ್ತಿರದಿಂದ ಕೇಳಿದ. “ಓದಿದ್ರೆ ತಗೋಬೇಡ.”

ಸ್ತ್ರಾತೋಸ್ ಕತ್ತು ಉದ್ದ ಮಾಡಿದ. ಹೌದು ಎಂದರೆ ಸಾಕಿತ್ತು. ಶೆಲ್ಫು ಉಳಿಯುತ್ತಿತ್ತು, ಆ ನಾಯಿಗಳೆಲ್ಲ ನೆಲಮಾಳಿಗೆಗೆ ಇಳಿಯುತ್ತಿದ್ದವು. ಆದರೆ ಓದದೆ ತಂದವರದನ್ನೆಲ್ಲ ತಕರಾರಿಲ್ಲದೆ ತೆಗೆದುಕೊಂಡು, ಓದಿ ತಂದ ಒಬ್ಬಳನ್ನು ಕಳ್ಳಿ ಎಂದು ಹೊರಗೆ ಕಳಿಸುವುದೇ?

“ಇಲ್ಲ ಯಜಮಾನರೇ,” ಎಂದಳು. “ಯಾರೂ ಮುಟ್ಟಿಲ್ಲ.” ಎಂದವಳೇ ಅದನ್ನು ತನ್ನ ಕುರ್ಚಿಯ ರಾಶಿಯ ಮೇಲಿಟ್ಟಳು.

ಸ್ತ್ರಾತೋಸನಿಗೆ ರೆಕ್ಕೆ ಬಂತು. “ಅಜ್ಜೀ, ಇದನ್ನ ತಗೊಳ್ಳಿ, ಒಂದೇ ಉಸಿರಿಗೆ ಓದ್ತೀರ,” ಎಂದು ನಾಯಿಯ ಪುಸ್ತಕ ಮುಂದೆ ಹಿಡಿದ.

“ನನ್ನ ಉಸಿರಿನ ಚಿಂತೆ ನಿನಗೆ ಬೇಡಪ್ಪ,” ಎಂದು ಮಿಮೀಕಾ ಪೊಲಿಕ್ಸೇನಿಯ ಕಡೆಗೇ ತಿರುಗಿದಳು. “ನೀನು ಹೇಳು. ಈ ಸಲ ನಿಜ ಹೇಳು.”

ಪೊಲಿಕ್ಸೇನಿ ಶೆಲ್ಫಿನಿಂದ ಆಮೆ ಕಥೆ ತೆಗೆದುಕೊಟ್ಟಳು. “ಏಳು ವರ್ಷದ ಮಕ್ಕಳದ್ದು. ಈ ವರ್ಷ ಬಂದಿದ್ರಲ್ಲಿ ಕೊನೆ ನೆಟ್ಟಗಿರೋದು ಇದೊಂದೇ.”

“ಇಲ್ದಿದ್ರೆ ವಾಪಸ್ ತರ್ತೀನಿ.”

“ತನ್ನಿ. ನೆಲಮಾಳಿಗೆಯಲ್ಲಿರ್ತೀನಿ.”

ಮುದುಕಿ ಹೋದಳು. ಯಜಮಾನ ಎಣಿಸುವ ಗೋಜಿಗೂ ಹೋಗದೆ ಪೊಲಿಕ್ಸೇನಿಯ ಭುಜ ತಟ್ಟಿದ. “ಬೇಜಾರ್ ಮಾಡ್ಕೋಬೇಡ ಕ್ಸೇನಿ. ಜನಕ್ಕೆ ಒಳ್ಳೇದು ಅರ್ಥ ಆಗಲ್ಲ. ಆ ಕೊನೆ ಓದಿ ನಾನೇ ಅತ್ತಿದ್ದೀನಿ ಅಂದ್ಮೇಲೆ.”

ಅವಳು ಸೀದಾ ಅವನ ಮೇಜಿಗೆ ಹೋದಳು. ಕಾಫಿ ಲೋಟ ಪಕ್ಕಕ್ಕಿಟ್ಟು, ಅವನ ಪ್ರತಿಯನ್ನು ಕೂಡಿಕೊಂಡ ಹಾಳೆಗಳ ಹತ್ತಿರ ತೆರೆದು, ಅದರ ಮೇಲೆ ಕಾಗದ ಕೊಯ್ಯುವ ಚಾಕು ಇಟ್ಟಳು.

“ಮೊದಲು ಇದನ್ನ ಕತ್ತರಿಸಿ ಯಜಮಾನರೇ,” ಎಂದಳು. “ಆಮೇಲೆ ಅಳಿ.”

ಅವನು ಹಾಳೆಯನ್ನೊಮ್ಮೆ ಚಾಕುವನ್ನೊಮ್ಮೆ ನೋಡುತ್ತ ನಿಂತ. ಸ್ತ್ರಾತೋಸ್ ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕು ನಿಲ್ಲಿಸಿದ. ಪೊಲಿಕ್ಸೇನಿ ತನ್ನ ಶೆಲ್ಫಿನ ಬಳಿ ಹೋಗಿ ಕಾದಂಬರಿಯ ಚೀಟಿಯನ್ನು ಮಾತ್ರ ಕಿತ್ತು ಮುದುಡಿ ಜೇಬಿಗೆ ಹಾಕಿಕೊಂಡಳು, ಮತ್ತು ನೆಲಮಾಳಿಗೆಯ ಮೆಟ್ಟಿಲಿಳಿದು ದೀಪ ಹಾಕಿದಳು.