ಹಲಸಿನ ಬೇರು ಮತ್ತು ಜಾಡಿಯೊಳಗಿನ ಫೋನು

ನಮ್ಮ ಬಿಲ್ಡಿಂಗಿನ ಅಂಗಳದಲ್ಲಿ ಒಂದು ಹಲಸಿನ ಮರವಿದೆ. ಚೆಂಬೂರಿನಲ್ಲಿ ಮರವಿರುವುದು ದೊಡ್ಡ ಸಂಗತಿಯಲ್ಲ. ಕೊಟ್ಟೆ ಕಡುಬಿಗೆ ಎಲೆ ಕೊಡುವ ಮರವಿರುವುದು ದೊಡ್ಡ ಸಂಗತಿ. ಅಷ್ಟಮಿಯ ಹಿಂದಿನ ದಿನ ಘಾಟ್ಕೋಪರ್, ಡೊಂಬಿವಲಿ ಎಂದು ಎಲ್ಲೆಲ್ಲಿಂದಲೋ ಉಡುಪಿ ಕಡೆಯವರು ಚೀಲ ಹಿಡಿದು ಬರುತ್ತಾರೆ. ನಾಲ್ಕು ಎಲೆಗಳನ್ನು ಕಡ್ಡಿಯಿಂದ ಚುಚ್ಚಿ, ಕೊಟ್ಟೆ ಮಾಡಿ, ಅದರೊಳಗೆ ಹಿಟ್ಟು ಹೊಯ್ದು ಬೇಯಿಸದಿದ್ದರೆ ಕೃಷ್ಣ ಹುಟ್ಟುವುದೇ ಅನುಮಾನ ಎಂದು ನಂಬಿದ ಜನ ಇವರು. ಎಲೆಗೆ ಅವರು ಅಪ್ಪಣೆ ಕೇಳುವುದು ಹೌಸಿಂಗ್ ಸೊಸೈಟಿಯನ್ನಲ್ಲ, ಕೆಳಮಹಡಿಯ ಅಕ್ಕನನ್ನು. ಮರ ನೆಟ್ಟವರು ಅವರು. ಗಂಡ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಕಾಲದಲ್ಲಿ, ಊರಿಂದ ಬಂದ ಹಣ್ಣು ತಿಂದು, ಒಂದು ಬೀಜವನ್ನು ಬೆರಳಿನಿಂದ ಮಣ್ಣಿಗೆ ಒತ್ತಿದ್ದರಂತೆ. ಗಂಡ ಈಗಿಲ್ಲ. ಮರ ಮೂರನೆಯ ಮಹಡಿಯ ಕಿಟಕಿಗೆ ಬಂದಿದೆ.

ಕಳೆದ ಮಳೆಗಾಲದಲ್ಲಿ ಈ ಮರವನ್ನು ಕಡಿಸಬೇಕೆಂಬ ಮಾತು ಎದ್ದಿತು.

ಕಾರಣ ನೀರು. ಬೆಳಿಗ್ಗೆ ಮುನಿಸಿಪಾಲಿಟಿ ನೀರು ಬಂದು ಅಂಗಳದಡಿಯ ಟ್ಯಾಂಕು ತುಂಬುತ್ತದೆ. ಅಲ್ಲಿಂದ ಪಂಪು ಅದನ್ನು ಮೇಲಿನ ಟ್ಯಾಂಕಿಗೆ ಹತ್ತಿಸುತ್ತದೆ. ಆದರೆ ಪಂಪು ಹಾಕುವ ಮೊದಲೇ ಕೆಳಗಿನ ನೀರು ತಾನಾಗಿ ಇಳಿಯತೊಡಗಿತ್ತು. ಟ್ಯಾಂಕು ಎಲ್ಲೋ ಸೋರುತ್ತಿತ್ತು. ಎಲ್ಲಿ ಎಂದು ನೋಡಲು ಅದನ್ನು ಖಾಲಿ ಮಾಡಿ ಒಳಗಿಳಿಯಬೇಕು. ಅದಕ್ಕಾಗಿ ಎರಡು ದಿನ ನೀರಿಲ್ಲದೆ ಇರಲು ಬಿಲ್ಡಿಂಗಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಆಗ ಪ್ಲಂಬಿಂಗ್ ಕಂತ್ರಾಟುದಾರ ಬಂದು, ಟ್ಯಾಂಕಿನ ಮುಚ್ಚಳದ ಮೇಲೆ ನಿಂತು, ಮರವನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ, “ಜಡ್ ಅಂದರ್ ಘುಸಾ ಹೈ, ಪೇಡ್ ನಿಕಾಲ್ನಾ ಪಡೇಗಾ” ಎಂದು ತೀರ್ಪಿತ್ತ. ಬೇರು ಒಳಗೆ ನುಗ್ಗಿದೆ, ಮರ ತೆಗೆಯಲೇಬೇಕು. ಆರೋಪಿಯನ್ನು ಕೇಳುವ ಪದ್ಧತಿ ಪ್ಲಂಬಿಂಗಿನಲ್ಲಿ ಇಲ್ಲ.

ಸೊಸೈಟಿಯ ಸೆಕ್ರೆಟರಿ ನಮ್ಮವನೇ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಬ್ಬಳ್ಳಿ ಕಡೆಯ ಮನೆಯವನು. ಕನ್ನಡ ಅವನಿಗೆ ಪೂರ್ತಿ ಅರ್ಥವಾಗುತ್ತದೆ, ಅರ್ಧ ಬಾಯಿಗೆ ಬರುತ್ತದೆ. ಅಕ್ಕನ ಮುಂದೆ ನಿಂತು ಅವನು ಆ ಅರ್ಧವನ್ನು ಬಹಳ ಕಷ್ಟಪಟ್ಟು ಖರ್ಚು ಮಾಡಿದ.

“ಆಂಟಿ, ನನಗೂ ಬೇಜಾರ್ ಇದೆ. ಲೇಕಿನ್ ನೀರು ಹೋಗ್ತಾ ಇದೆ ನಾ. ರವಿವಾರ ಮೀಟಿಂಗ್‌ನಲ್ಲಿ ಫೈನಲ್ ಮಾಡ್ತೀವಿ, ಆಮೇಲೆ ಮುನಿಸಿಪಾಲಿಟಿ ಪರ್ಮಿಶನ್ ಕೇಳ್ತೀವಿ.”

“ಕಡಿಯುವುದಾದರೆ ಕಡಿಯಿರಿ ಮಾರಾಯ, ನೋಡಿ ಕಡಿಯಿರಿ,” ಎಂದರು ಅಕ್ಕ. “ಒಳಗೆ ಯಾರು ಇಣುಕಿದ್ದು?”

ಯಾರೂ ಇಣುಕಿರಲಿಲ್ಲ. ಅಂಧೇರಿಯ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳ ಸೇವೆ ಮಾಡಿ ನಿವೃತ್ತನಾದ ನಾನು ಆಗ ಅಲ್ಲೇ ನಿಂತಿದ್ದೆ. ನಿವೃತ್ತನ ಬಾಯಿಗೆ ಬೀಗ ಇರುವುದಿಲ್ಲ. “ನಾನು ಇಣುಕಿಸುತ್ತೇನೆ” ಎಂದುಬಿಟ್ಟೆ.

ನನ್ನ ಬಳಿ ಪರದೆಯ ಮೂಲೆ ಒಡೆದ ಒಂದು ಹಳೆಯ ಫೋನಿತ್ತು. ಅದರ ಕ್ಯಾಮೆರಾ ಇನ್ನೂ ಗಟ್ಟಿಯಾಗಿತ್ತು. ನನ್ನ ಯೋಜನೆ ಸರಳ: ಫೋನನ್ನು ಗಾಜಿನ ಜಾಡಿಯಲ್ಲಿ ನಿಲ್ಲಿಸುವುದು, ಅದರದೇ ಟಾರ್ಚು ಉರಿಸುವುದು, ವೀಡಿಯೊ ಶುರುಮಾಡಿ ಮುಚ್ಚಳ ಬಿಗಿದು ಹಗ್ಗದಲ್ಲಿ ಟ್ಯಾಂಕಿಗೆ ಇಳಿಸುವುದು. ಮನೆಯಲ್ಲಿದ್ದ ಅಗಲ ಬಾಯಿಯ ಜಾಡಿ ಒಂದೇ. ಅದರಲ್ಲಿ ಮಿಡಿ ಉಪ್ಪಿನಕಾಯಿ ಇತ್ತು. ಹೆಂಡತಿ ಅದನ್ನು ಬೇರೆ ಡಬ್ಬಿಗೆ ಸುರಿದು, ಜಾಡಿಯನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ಕೊಟ್ಟಳು. ಕೊಡುವಾಗ ಅವಳ ಮುಖದಲ್ಲಿ ವಿಜ್ಞಾನದ ಬಗ್ಗೆ ಅಂಥ ಗೌರವವೇನೂ ಕಾಣಲಿಲ್ಲ.

ಮೊದಲ ಪ್ರಯೋಗ ಬಕೆಟ್ಟಿನಲ್ಲಿ. ಜಾಡಿ ಮುಳುಗಲಿಲ್ಲ. ಗಾಳಿ ತುಂಬಿದ ಜಾಡಿ ತೇಲುತ್ತದೆ ಎಂಬ ತತ್ವವನ್ನು ನಾನು ಶಾಲೆಯಲ್ಲಿ ಓದಿ ಅಂಕವನ್ನೂ ಪಡೆದಿದ್ದೆ. ಆದರೂ ಜಾಡಿ ನನ್ನ ಕಣ್ಣೆದುರಿಗೇ ತೇಲಿದಾಗ ಮನಸ್ಸಿಗೆ ಪೆಟ್ಟಾಯಿತು. ಕೊನೆಗೆ ಕಲ್ಲಿನ ಕುಟ್ಟಾಣಿಯನ್ನು ಅದರ ಗುಂಡಿನ ಸಮೇತ ತಳಕ್ಕೆ ಕಟ್ಟಿದೆ. ಈಗ ಮುಳುಗಿತು. ಆದರೆ ಚಿತ್ರದಲ್ಲಿ ಬರೀ ಬೆಳಕಿನ ಉಂಡೆ: ಟಾರ್ಚಿನ ಬೆಳಕು ಗಾಜಿಗೆ ಬಡಿದು ಕ್ಯಾಮೆರಾದ ಕಣ್ಣಿಗೇ ಮರಳುತ್ತಿತ್ತು. ಎರಡರ ನಡುವೆ ಅಡ್ಡಗೋಡೆ ಬೇಕು. ಹಳೆಯ ಹವಾಯಿ ಚಪ್ಪಲಿಯಿಂದ ಒಂದು ತುಂಡು ಕತ್ತರಿಸಲು ಕೂತೆ.

“ಕುಡಿಯುವ ನೀರಿಗೆ ಚಪ್ಪಲಿ ಇಳಿಸುವುದಾ?” ಎಂದಳು ಹೆಂಡತಿ.

“ಜಾಡಿಯ ಒಳಗೆ ಇರುವುದು ಅದು. ನೀರಿಗೆ ತಾಗುವುದಿಲ್ಲ.”

“ನೀರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತಲ್ಲ.”

ಸೈಕಲ್ ಟ್ಯೂಬಿನ ತುಂಡಿನಿಂದ ಕೆಲಸ ನಡೆಯಿತು.

ನೀರಿನಡಿಯಿಂದ ಫೋನು ಮನೆಗೆ ಏನನ್ನೂ ಕಳಿಸಲಾರದು, ವೈಫೈ ನೀರಿನಲ್ಲಿ ಸಾಗುವುದಿಲ್ಲ. ಹಾಗಾಗಿ ಅದು ಒಳಗೆ ಚಿತ್ರೀಕರಿಸಿ, ಮೇಲೆ ಬಂದೊಡನೆ ನಮ್ಮ ಮನೆಯ ಸರ್ವರಿಗೆ ಕಳಿಸುವಂತೆ ಏರ್ಪಾಡು ಮಾಡಿದೆ. ಸರ್ವರು ಎಂದರೆ ದೇವರ ಗೂಡಿನ ಕೆಳಗೆ, ಎಣ್ಣೆ ಬಾಟಲಿಯ ಪಕ್ಕದಲ್ಲಿ ಮೈಮೇಲೆ ಮುಚ್ಚಳವಿಲ್ಲದೆ ಕೂತಿರುವ ಒಂದು ಹಳೆಯ ಕಂಪ್ಯೂಟರು. ಫೋನಿನ ಹೊಟ್ಟೆ ಚಿಕ್ಕದು, ಆದ್ದರಿಂದ ವೀಡಿಯೊ ತುಣುಕು ತುಣುಕಾಗಿ ಹೋಗಿ, ಹೋದದ್ದು ಫೋನಿನಿಂದ ಅಳಿಯಬೇಕು, ಸರ್ವರಿನ ತಂತ್ರಾಂಶ ಆ ತುಣುಕುಗಳನ್ನು ಜೋಡಿಸಿ ತೋರಿಸಬೇಕು. ಈ ಅಳಿಸುವ ಏರ್ಪಾಡಿನ ಬಗ್ಗೆ ನನಗೆ ಆಗ ಸಣ್ಣ ಹೆಮ್ಮೆಯೂ ಇತ್ತು.

ಶುಕ್ರವಾರ ಮಧ್ಯಾಹ್ನ, ಒಳಹರಿವಿನ ವಾಲ್ವು ಮುಚ್ಚಿಸಿ, ಪಂಪು ನಿಲ್ಲಿಸಿ, ನೀರು ನಿಶ್ಚಲವಾಗಲು ಬಿಟ್ಟು ಜಾಡಿ ಇಳಿಸಿದೆ. ಸಾವಕಾಶವಾಗಿ ನಾಲ್ಕೂ ಗೋಡೆಗೆ ತಿರುಗಿಸಿ ಎಳೆದುಕೊಂಡೆ. ಮನೆಗೆ ಬಂದು ಸರ್ವರಿನಲ್ಲಿ ವೀಡಿಯೊ ತೆರೆದಾಗ ಹೆಂಡತಿ ಅಕ್ಕಿ ತೊಳೆಯುತ್ತಿದ್ದವಳು ಪಾತ್ರೆ ಹಿಡಿದೇ ಬಂದು ನಿಂತಳು.

ನಾನು ಈ ಊರಿಗೆ ಬಂದು ಇಡೀ ಜೀವಮಾನ ಆ ಮುಚ್ಚಳದ ಮೇಲೆ ನಡೆದಾಡಿದ್ದೇನೆ. ಕೆಳಗೆ ಹೀಗೊಂದು ಕೋಣೆ ಇದೆ ಎಂದು ಮನಸ್ಸಿಗೆ ಬಂದಿರಲಿಲ್ಲ. ಹಸಿರು ಕತ್ತಲೆ. ಅದರ ಒಂದು ಗೋಡೆಯ ಸೀಳಿನಿಂದ ಬೇರುಗಳು ಇಳಿಬಿದ್ದಿದ್ದವು, ಗೋಡೆಯ ಬಳಿ ಇಟ್ಟಿಗೆಯ ಬಣ್ಣ, ತುದಿಯತ್ತ ಬಿಳಿ, ಕೂದಲಿನಷ್ಟು ಸಪೂರ, ಒಂದರ ಪಕ್ಕ ಒಂದು ಪರದೆಯ ಹಾಗೆ. ಅಲುಗಾಟವಿಲ್ಲ. ಅವುಗಳ ಮುಂದೆ, ಟಾರ್ಚಿನ ಬೆಳಕಿನಲ್ಲಿ, ಮಳೆನೀರಿನ ಮಣ್ಣಿನ ಕಣಗಳು ಸಾವಿರ ಸಾವಿರ ಹೊಳೆಯುತ್ತಿದ್ದವು.

“ಇದು ನಾವು ಕುಡಿಯುವ ನೀರಾ?” ಎಂದಳು ಅವಳು. ಆಮೇಲೆ ಬಗ್ಗಿ, “ನಿಲ್ಲಿ, ಹಿಂದೆ ತಗೊಳ್ಳಿ. ಅವು ಎಲ್ಲಿಗೆ ಹೋಗುವುದು?”

ಕಣಗಳು ಸುಮ್ಮನೆ ತೇಲುತ್ತಿರಲಿಲ್ಲ. ಅಷ್ಟೂ ಒಂದೇ ಕಡೆಗೆ, ಅವಸರವಿಲ್ಲದೆ, ತಡೆಯಿಲ್ಲದೆ ಸಾಗುತ್ತಿದ್ದವು. ಬೇರುಗಳ ಮುಂದಿನಿಂದಲೇ ಹಾದು, ಅವುಗಳತ್ತ ತಿರುಗಿಯೂ ನೋಡದೆ, ಎದುರು ಮೂಲೆಯಲ್ಲಿ ಪಂಪಿನ ಪೈಪು ಗೋಡೆ ದಾಟುವ ಜಾಗಕ್ಕೆ ಹೋಗಿ ಅಲ್ಲಿ ಮಾಯವಾಗುತ್ತಿದ್ದವು.

“ದಾದರ್ ಸ್ಟೇಷನಿನಲ್ಲಿ ಲೋಕಲ್ ಟ್ರೇನು ನಿಂತ ಹಾಗೆ,” ಎಂದಳು. “ಇಳಿದವರೆಲ್ಲ ಬ್ರಿಡ್ಜಿಗೆ.”

ನಿಂತ ನೀರಿನಲ್ಲಿ ಕಣಗಳು ನಡೆಯುತ್ತಿವೆ ಎಂದರೆ ನೀರು ನಡೆಯುತ್ತಿದೆ ಎಂದರ್ಥ. ಸೋರುತ್ತಿದ್ದುದು ಆ ಪೈಪಿನ ಮೂಲೆ, ಬೇರಿನ ಗೋಡೆಯಲ್ಲ. ನಾನು ಕೂಡಲೇ ಸೆಕ್ರೆಟರಿಗೆ ಫೋನು ಮಾಡಿದೆ. ಅವನು, “ಗ್ರೇಟ್ ಅಂಕಲ್. ರವಿವಾರ ಸೊಸೈಟಿ ಆಫೀಸಿನ ಟೀವಿ ಮೇಲೆ ಸಬ್‌ಕೋ ತೋರಿಸೋಣ. ಹಾಂ, ಪಾನಿಯಲ್ಲಿ ಅಚಾರ್ ಕಾ ಸ್ಮೆಲ್ ಬರ್ತಾ ಇದೆ ಅಂತ ಥರ್ಡ್ ಫ್ಲೋರ್ ಕಂಪ್ಲೇಂಟ್ ಇದೆ. ಆ ಉಪ್ಪಿನಕಾಯಿ ಜಾಡಿ ಫಿರ್ ಸೆ ಇಳಿಸಬೇಡಿ” ಎಂದ.

ಸೊಸೈಟಿಯ ಟೀವಿ ಹೊಸದು. ಅದು ನನ್ನ ಸರ್ವರಿನ ಹಳೆಯ ತಂತ್ರಾಂಶದೊಡನೆ ಮಾತಾಡಲು ಒಪ್ಪಲಿಲ್ಲ. ‘ಹೊಸ ಆವೃತ್ತಿ ಲಭ್ಯವಿದೆ’ ಎಂದು ಸರ್ವರು ಬಹುಕಾಲದಿಂದ ನನ್ನನ್ನು ಕೇಳಿಕೊಳ್ಳುತ್ತಿತ್ತು, ನಾನು ಮುಂದೂಡುತ್ತಿದ್ದೆ. ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಒಪ್ಪಿಗೆ ಕೊಟ್ಟೆ.

ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ನಿಧಾನವಾಗಿ ತುಂಬಿತು. ಕೊನೆಯ ಚೂರು ತುಂಬುವ ಮೊದಲು ಊಟದ ತನಕ ಧ್ಯಾನಕ್ಕೆ ಕೂತಿತು. ಆಮೇಲೆ ‘ನವೀಕರಣ ಯಶಸ್ವಿಯಾಗಿ ಮುಗಿದಿದೆ’ ಎಂದು ಹಸಿರು ಅಕ್ಷರ ಬಂತು. ಯಶಸ್ಸು ಯಾರದು ಎಂದು ಬರೆದಿರಲಿಲ್ಲ. ವೀಡಿಯೊ ಒತ್ತಿದೆ. ನಡುವಿನ ಒಂದು ಚಿತ್ರ ಬಂತು, ಬೇರುಗಳದ್ದು, ಅಲ್ಲೇ ನಿಂತಿತು. ಸರ್ವರಿನಲ್ಲಿದ್ದ ಬೇರೆ ವೀಡಿಯೊಗಳದ್ದೂ ಅದೇ ಗತಿ: ಒಂದೊಂದು ನಿಶ್ಚಲ ಚಿತ್ರ. ಒಳಗಿನ ತುಣುಕುಗಳನ್ನು ಹೊಸ ಆವೃತ್ತಿ ತನ್ನ ಕ್ರಮಕ್ಕೆ ‘ಮರುಜೋಡಣೆ’ ಮಾಡಿತ್ತು. ಅಂದರೆ ಅವು ಡಿಸ್ಕಿನಲ್ಲಿ ಎಲ್ಲೋ ಅರ್ಥವಿಲ್ಲದ ಹೆಸರುಗಳಲ್ಲಿ, ಹಿಂದುಮುಂದಾಗಿ ಬಿದ್ದಿದ್ದವು. ಹಳೆಯ ಆವೃತ್ತಿಗೆ ಮರಳಲು ನೋಡಿದೆ. ‘ಈಗಿನ ಮಾಹಿತಿ ಈ ಆವೃತ್ತಿಗಿಂತ ಹೊಸದು’ ಎಂದು ಅದು ಬಾಗಿಲು ಹಾಕಿತು. ಬ್ಯಾಕಪ್ಪು ಇತ್ತು, ಅದೇ ಡಿಸ್ಕಿನಲ್ಲಿ. ಹೊಸ ಆವೃತ್ತಿ ಅದಕ್ಕೂ ಭಕ್ತಿಯಿಂದ ಮರುಜೋಡಣೆ ನಡೆಸಿಕೊಟ್ಟಿತ್ತು. ಫೋನಂತೂ ನಾನು ಕಲಿಸಿದಂತೆ ತನ್ನ ಪ್ರತಿಯನ್ನು ಅಳಿಸಿಕೊಂಡು ನಿರ್ಮಲವಾಗಿ ಕೂತಿತ್ತು.

ಅಂಧೇರಿಯ ಆಫೀಸಿನಲ್ಲಿ ಇಂಥ ದಿನಗಳು ನನಗೆ ಹೊಸದಲ್ಲ. ಅಲ್ಲಿ ಬೈಯಲು ಮೇಲಧಿಕಾರಿ ಇದ್ದರು, ಅದೊಂದು ಆಸರೆ. ಇಲ್ಲಿ ಹೆಂಡತಿ ಏನೂ ಹೇಳದೆ ಕಾಫಿ ತಂದಿಟ್ಟಳು.

ಭಾನುವಾರ ಬೆಳಿಗ್ಗೆ ಮೀಟಿಂಗು. ಇದ್ದುದನ್ನೇ ತೋರಿಸಿ ಬಾಯಲ್ಲಿ ವಿವರಿಸೋಣವೆಂದು ಟೀವಿಗೆ ಜೋಡಿಸಿದೆ. ಗೋಡೆಯಷ್ಟಗಲದ ಟೀವಿಯಲ್ಲಿ, ಅತ್ಯಂತ ಸ್ಪಷ್ಟವಾಗಿ, ಹಲಸಿನ ಬೇರುಗಳು ಟ್ಯಾಂಕಿನೊಳಗೆ ಇಳಿಬಿದ್ದಿದ್ದವು. ಕೋಣೆಯಲ್ಲಿ ಎಲ್ಲರ ಉಸಿರು ಒಮ್ಮೆ ಕೇಳಿಸಿತು.

“ಮೈನೆ ಬೋಲಾ ಥಾ ನಾ,” ಎಂದ ಕಂತ್ರಾಟುದಾರ, ನಾನು ಮೊದಲೇ ಹೇಳಿದ್ದೆನಲ್ಲ ಎಂಬ ಸಮಾಧಾನದಲ್ಲಿ.

“ಇದು ಒಂದು ಚಿತ್ರ ಮಾತ್ರ,” ಎಂದೆ. “ಕಣಗಳು ಚಲಿಸುತ್ತವೆ. ಬೇರಿನ ಕಡೆಗಲ್ಲ, ಆ ಮೂಲೆಗೆ.”

ಸೆಕ್ರೆಟರಿ ಟೀವಿಯ ಹತ್ತಿರ ಹೋಗಿ ನೋಡಿದ. “ಅಂಕಲ್, ಇದರಲ್ಲಿ ಏನೂ ಹಿಲ್ತಾ ಇಲ್ಲ, ಎಲ್ಲ ನಿಂತಿದೆ.”

“ನವೀಕರಣದಿಂದ ನಿಂತಿದೆ.”

“ಬೇರು ಕಾಣ್ತಾ ಇದೆ ನಾ ಅಂಕಲ್. ನಿಮ್ಮದೇ ಫೋಟೋ.”

ಮರದ ಪರ ವಕೀಲನಾಗಿ ಹೋದವನು ಮರದ ವಿರುದ್ಧ ಏಕೈಕ ಸಾಕ್ಷಿಯಾಗಿ ನಿಂತಿದ್ದೆ. ಅಕ್ಕ ಹಿಂದಿನ ಕುರ್ಚಿಯಲ್ಲಿದ್ದರು. ಅವರು ಟೀವಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದರು. ಕೈ ಎತ್ತಿ ಒಪ್ಪಿಗೆ ಕೊಡುವ ಹೊತ್ತು ಬಂದಿತ್ತು. ನಾನು ಇನ್ನೂ ತುಣುಕುಗಳು, ಆವೃತ್ತಿ ಎಂದು ಏನೇನೋ ಹೇಳುತ್ತಿದ್ದೆ.

“ನಿಮ್ಮ ಆ ಡಬ್ಬ ಹಾಳಾಗಿ ಹೋಗಲಿ ಮಾರಾಯ್ರೆ,” ಎಂದರು ಅಕ್ಕ. “ಟ್ಯಾಂಕು ಇಲ್ಲಿಯೇ ಉಂಟು. ಫೋನು ಉಂಟು. ಇನ್ನೊಮ್ಮೆ ಇಳಿಸಿ, ಫೋನಿನಲ್ಲಿಯೇ ನೋಡುವ.”

ಹಿಂದಿನ ದಿನವಿಡೀ ಸರ್ವರಿನ ಮುಂದೆ ಕೂತವನಿಗೆ ಇದು ಹೊಳೆದಿರಲಿಲ್ಲ. ಸೆಕ್ರೆಟರಿ, “ಅಚಾರ್ ಜಾಡಿ ನಹೀ” ಎಂದ. ಅಕ್ಕ ಮನೆಗೆ ಹೋಗಿ, ಗಂಡನ ಹೋಟೆಲಿನ ಕೌಂಟರಿನಲ್ಲಿದ್ದ ಬಿಸ್ಕತ್ತಿನ ಚೌಕ ಬರಣಿಯನ್ನು ತೊಳೆದು ಒರೆಸಿ ತಂದರು. ಅದರ ಬದಿ ಚಪ್ಪಟೆ. ನನ್ನ ದುಂಡು ಜಾಡಿಗಿಂತ ಎಷ್ಟೋ ಮೇಲು.

ಕಳಿಸುವುದು ಅಳಿಸುವುದು ಎರಡನ್ನೂ ನಿಲ್ಲಿಸಿ, ವಾಲ್ವು ಪಂಪು ಎರಡನ್ನೂ ಬಂದ್ ಮಾಡಿಸಿ, ನೀರು ನಿಶ್ಚಲವಾಗುವಷ್ಟು ಹೊತ್ತು ಕಾದು, ಎಲ್ಲರ ಎದುರು ಕುಟ್ಟಾಣಿ ಕಟ್ಟಿದ ಬರಣಿ ಇಳಿಸಿದೆ. ಹಗ್ಗದ ತುದಿಯನ್ನು ಸೆಕ್ರೆಟರಿಯೇ ಹಿಡಿದಿದ್ದ. ಮೇಲೆ ಬಂದಾಗ ಅಂಗಳದ ಬೆಳಕಿಗೆ ಫೋನಿನ ಪರದೆ ಕಾಣುತ್ತಿರಲಿಲ್ಲ. ಯಾರೋ ಕೊಡೆ ಬಿಚ್ಚಿದರು. ಅದರ ಕೆಳಗೆ ಹಿಡಿಸಿದಷ್ಟು ತಲೆಗಳು ಸೇರಿದವು.

ಹಸಿರು ಕತ್ತಲೆ ಬಂತು, ಬೇರುಗಳು ಬಂದವು, ಕಣಗಳು ಬಂದವು. ನಾನು ಒಮ್ಮೆ ನೋಡಿದವನು, ಆದರೂ ತಲೆಗಳ ನಡುವೆ ನನ್ನದನ್ನೂ ತೂರಿಸಿದೆ. ನಾವು ಪಾತ್ರೆ ತೊಳೆಯುವ, ಮುಖ ತೊಳೆಯುವ, ಗಿಡಕ್ಕೆ ಹೊಯ್ಯುವ ನೀರು ನಮ್ಮ ಕಾಲಡಿಯ ಕತ್ತಲೆಯಲ್ಲಿ ಒಂದು ಬೆಳ್ಳನೆಯ ಮೆರವಣಿಗೆ ಹೊರಟಿತ್ತು. ಬೇರಿನ ಎಳೆಗಳ ನಡುವಿನಿಂದ ನುಸುಳಿ, ಒಂದನ್ನೂ ಅಲುಗಿಸದೆ, ಮೂಲೆಯ ಪೈಪಿನ ಸುತ್ತ ಸುತ್ತಿ ಒಳಗೆ ಜಾರುತ್ತಿತ್ತು.

ಕಂತ್ರಾಟುದಾರ ಪರದೆಗೆ ಮೂಗು ತಾಗಿಸಿಕೊಂಡಿದ್ದ. “ಪೈಪ್ ಕಾ ಜಾಯಿಂಟ್ ಹೈ,” ಎಂದ. ಸ್ವಲ್ಪ ತಡೆದು, ಅವನಿಗೂ ಇಷ್ಟವಿಲ್ಲದ ದನಿಯಲ್ಲಿ, “ಜಡ್ ನೇ ಕ್ರ್ಯಾಕ್ ಭರ್ ದಿಯಾ ಹೈ. ಪೇಡ್ ಕಾಟಾ ತೋ ಜಡ್ ಸಡೇಗಾ, ಫಿರ್ ವಹಾಂ ಸೆ ಭೀ ಜಾಯೇಗಾ” ಎಂದ. ಬೇರೇ ಸೀಳನ್ನು ತುಂಬಿ ಹಿಡಿದಿದೆ. ಮರ ಕಡಿದರೆ ಬೇರು ಕೊಳೆತು ಅಲ್ಲಿಂದಲೂ ನೀರು ಹೋಗುತ್ತದೆ.

“ಹಾಗಾದರೆ ಪೈಪ್,” ಎಂದ ಸೆಕ್ರೆಟರಿ. “ಪಹಲೇ ಪೈಪ್. ಮರ ಹಾಗೇ ಇರಲಿ.”

ಅಕ್ಕ ಕೊಡೆಯ ಕೆಳಗೆ ಕೊನೆಗೆ ಬಂದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

“ಇದು ನಮ್ಮದಾ?”

“ನಿಮ್ಮದೇ ಅಕ್ಕ.”

“ಇಷ್ಟು ಸಪೂರ ಉಂಟಾ,” ಎಂದರು. “ಅಷ್ಟು ದೊಡ್ಡ ಮರಕ್ಕೆ.”

ಆ ವಾರವೇ ಮೂಲೆ ಅಗೆದರು. ಅಲ್ಲಿನ ಮಣ್ಣು ಪಾಯಸದ ಹಾಗಿತ್ತು. ಹೊಸ ಜಾಯಿಂಟು ಕೂರಿಸಿ ಸಿಮೆಂಟು ಒಣಗಿದ ಮೇಲೆ, ಸೆಕ್ರೆಟರಿ ನಮ್ಮ ಬಾಗಿಲು ತಟ್ಟಿ, ಖಾತರಿಗಾಗಿ ಇನ್ನೊಮ್ಮೆ ಬರಣಿ ಇಳಿಸಬೇಕೆಂದ. ಇಳಿಸಿದೆವು. ಮುಚ್ಚಳದ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡಿದೆವು. ಕಣಗಳು ಇದ್ದವು, ಅಷ್ಟೇ ಹೊಳೆಯುತ್ತಿದ್ದವು, ಆದರೆ ಅವಕ್ಕೆ ಈಗ ಹೋಗಲು ಜಾಗವಿರಲಿಲ್ಲ. ಇದ್ದಲ್ಲೇ ಮೆಲ್ಲಗೆ ಏರಿ, ಇಳಿದು, ಬೇರಿನ ತುದಿಗಳ ಸುತ್ತ ನಿಂತುಕೊಂಡಿದ್ದವು.

“ಕುಛ್ ನಹೀ ಹೋ ರಹಾ ಹೈ, ಅಂಕಲ್,” ಎಂದ ಅವನು. ಏನೂ ಆಗುತ್ತಿಲ್ಲ. ಹಾಗೆಂದವನು ಫೋನನ್ನು ವಾಪಸು ಕೊಡಲೂ ಇಲ್ಲ, ನೋಡುತ್ತಲೇ ಕೂತಿದ್ದ.